ಆಟಿಕೆಯೂ ಲೋಕವಾರ್ತೆಯೂ: ಇಪ್ಪತ್ತನೆಯ ಶತಮಾನದ ಆದಿಭಾಗದ ಒಂದು ಅವಲೋಕನ

ಸಂಸ್ಕೃತದ ರೂಪಕಕರ್ತರು ತಮ್ಮ ಕೃತಿಗಳಿಗೆ ನಾಯಕ ನಾಯಿಕೆಯರ ಹೆಸರನ್ನೋ ಕಥಾವಸ್ತುವಿನ ಹೆಸರನ್ನೋ ಇಡುವುದು ವಾಡಿಕೆ. ಮಗುವೊಂದರ ಆಟಿಕೆಯ ಹೆಸರನ್ನು ತನ್ನ ಕೃತಿಗೆ ಇಟ್ಟವನು ಶೂದ್ರಕ. 'ಮೃಚ್ಛಕಟಿಕ' ಎಂದರೆ ಮಣ್ಣಿನ ಪುಟ್ಟ ಬಂಡಿ. ಅದರ ಆರನೆಯ ಅಂಕದಲ್ಲಿ ಚಾರುದತ್ತನ ಮಗ ರೋಹಸೇನನು ಅಳುತ್ತ ಬರುತ್ತಾನೆ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ಅವನಿಗೆ ದಾಸಿ ರದನಿಕೆ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವಾಗಿದೆ. ಅದನ್ನು ಕಂಡು ಮರುಗಿದ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ಒಂದು ಊರಿನ ಬಡತನ, ಸಿರಿತನ, ವಾತ್ಸಲ್ಯ, ಅನ್ಯಾಯ ಇವೆಲ್ಲವೂ ಒಂದು ಆಟದ ಬಂಡಿಯಲ್ಲಿ ಸೇರಿಕೊಂಡ ಬಗೆ ಅದು.

ಆಟಿಕೆಯೆಂದರೆ ಮಕ್ಕಳನ್ನು ಸುಮ್ಮನಿರಿಸುವ ಒಂದು ಕ್ಷುಲ್ಲಕ ವಸ್ತು ಎಂಬ ಭಾವನೆ ಹಿರಿಯರಲ್ಲಿ ಬಲವಾಗಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳ ಯೂರೋಪು ಮತ್ತು ಅಮೆರಿಕಗಳನ್ನು ಆರಿಸಿಕೊಂಡಿದ್ದೇನೆ. ಮನೆಯ ಜಗಲಿಯಲ್ಲಿ, ಬಡಗಿಯ ಕೊಟ್ಟಿಗೆಯಲ್ಲಿ ಹುಟ್ಟುತ್ತಿದ್ದ ಆಟಿಕೆಯು ಆ ಕಾಲದಲ್ಲಿ ಕಾರ್ಖಾನೆಯನ್ನು ಹೊಕ್ಕು ಲಕ್ಷಗಟ್ಟಲೆಯಾಗಿ ಹೊರಬಿತ್ತು. ದಿನಪತ್ರಿಕೆಗಳು ಮನೆಮನೆಗೂ ತಲುಪಿ ಆಟಿಕೆಯನ್ನೂ ಸುದ್ದಿಯನ್ನಾಗಿ ಮಾಡಿದವು. ಅಂದಿನ ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡರೆ, ಮಗುವಿನ ಕೈಗೆ ನಾವು ಏನನ್ನು ಕೊಡುತ್ತಿದ್ದೇವೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಪತ್ರಿಕೆಯಿಂದ ಇಳಿದು ಬಂದ ಕರಡಿ

೧೯೦೨ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್ವೆಲ್ಟರು ಮಿಸಿಸಿಪಿ ರಾಜ್ಯದ ಕಾಡಿನಲ್ಲಿ ಬೇಟೆಗೆಂದು ಬೀಡುಬಿಟ್ಟಿದ್ದರು. ಅಧ್ಯಕ್ಷರಿಗೆ ಕರಡಿ ಸಿಕ್ಕಲಿಲ್ಲ. ಬೇಟೆಯ ಮಾರ್ಗದರ್ಶಿಯಾಗಿದ್ದ ಹೋಲ್ಟ್ ಕೋಲಿಯರ್ ಎಂಬುವರು ಕರಡಿಯೊಂದನ್ನು ಸೆರೆಹಿಡಿದು ಮರಕ್ಕೆ ಕಟ್ಟಿ, ಅಧ್ಯಕ್ಷರನ್ನು ಕರೆಸಿದರು. ಕಟ್ಟಿಹಾಕಿದ ಪ್ರಾಣಿಯ ಮೇಲೆ ಗುಂಡು ಹಾರಿಸುವುದು ಬೇಟೆಗಾರನ ಧರ್ಮವಲ್ಲವೆಂದು ರೂಸ್ವೆಲ್ಟರು ನಿರಾಕರಿಸಿದರು. ಆ ತಿಂಗಳ ೧೬ರಂದು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ನರು ಈ ಪ್ರಸಂಗವನ್ನು ವ್ಯಂಗ್ಯಚಿತ್ರವಾಗಿ ಬರೆದರು. ಅದನ್ನು ನೋಡಿದ ಬ್ರೂಕ್ಲಿನ್ನಿನ ಮಿಠಾಯಿ ಅಂಗಡಿಯ ಮಾರಿಸ್ ಮಿಕ್ಟಮ್ ಮತ್ತು ಅವರ ಪತ್ನಿ ರೋಸ್ ದಂಪತಿಗಳು ಬಟ್ಟೆಯ ಕರಡಿಯೊಂದನ್ನು ಹೊಲಿದು ಅಂಗಡಿಯ ಕಿಟಕಿಯಲ್ಲಿ ಇಟ್ಟರು. ಅಧ್ಯಕ್ಷರ ಮುದ್ದಿನ ಹೆಸರಾದ 'ಟೆಡ್ಡಿ' ಎಂಬುದು ಆ ಕರಡಿಗೆ ಅಂಟಿಕೊಂಡಿತು. ಆ ಅಂಗಡಿಯೇ ಮುಂದೆ ದೊಡ್ಡ ಆಟಿಕೆಯ ಉದ್ಯಮವಾಗಿ ಬೆಳೆಯಿತು.

ಅದೇ ಹೊತ್ತಿಗೆ ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿಯೂ ಕರಡಿಯ ಗೊಂಬೆಯೊಂದು ರೂಪುಗೊಳ್ಳುತ್ತಿತ್ತು. ಅಲ್ಲಿ ಮಾರ್ಗರೆಟೆ ಸ್ಟೈಫ್ ಎಂಬ ಮಹಿಳೆಯ ಕಾರ್ಖಾನೆಯಿತ್ತು. ಎಳವೆಯಲ್ಲಿಯೇ ಪೋಲಿಯೋ ತಗುಲಿ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಹೊಲಿಗೆಯಿಂದ ಜೀವನ ಕಟ್ಟಿಕೊಂಡಿದ್ದರು. ೧೮೮೦ರಲ್ಲಿ ಸೂಜಿ ಚುಚ್ಚಿಡಲೆಂದು ಅವರು ಹೊಲಿದ ಉಣ್ಣೆಬಟ್ಟೆಯ ಆನೆಯನ್ನು ಮಕ್ಕಳು ಎತ್ತಿಕೊಂಡು ಆಡತೊಡಗಿದ್ದೇ ಆ ಉದ್ಯಮಕ್ಕೆ ನಾಂದಿಯಾಯಿತು. ಅವರ ಸೋದರನ ಮಗ ರಿಚರ್ಡ್ ಸ್ಟೈಫರು ಕೈಕಾಲು ಆಡಿಸಬಹುದಾದ ಕರಡಿಯನ್ನು ರಚಿಸಿದರು. ೧೯೦೩ರ ಲೈಪ್ಸಿಗ್ ಜಾತ್ರೆಯಲ್ಲಿ ಅಮೆರಿಕದ ವರ್ತಕರೊಬ್ಬರು ಒಮ್ಮೆಗೇ ೩,೦೦೦ ಕರಡಿಗಳನ್ನು ಬೇಡಿದರು. ೧೯೦೭ರ ಒಂದೇ ವರ್ಷದಲ್ಲಿ ಆ ಕಾರ್ಖಾನೆಯಿಂದ ಹೊರಬಂದ ಕರಡಿಗಳು ಒಂಬತ್ತು ಲಕ್ಷಕ್ಕೂ ಹೆಚ್ಚು.

ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಅದೇ ೧೯೦೭ರಲ್ಲಿ ಮಿಶಿಗನ್ ರಾಜ್ಯದ ಪಾದ್ರಿಯೊಬ್ಬರು ಕರಡಿಯ ಗೊಂಬೆಯನ್ನು ಖಂಡಿಸಿ ಉಪದೇಶ ಮಾಡಿದರು. ಹೆಣ್ಣುಮಕ್ಕಳು ಕೂಸಿನ ಗೊಂಬೆಯನ್ನು ಬಿಟ್ಟು ಕರಡಿಯನ್ನು ಎತ್ತಿ ಆಡಿಸಿದರೆ ಅವರಲ್ಲಿ ತಾಯ್ತನದ ಭಾವ ಬತ್ತಿ ಜನಾಂಗಕ್ಕೇ ಕೇಡಾಗುವುದೆಂಬುದು ಅವರ ಆತಂಕ. ಪತ್ರಿಕೆಗಳು ಇದನ್ನು ಊರೂರಿಗೆ ಮುಟ್ಟಿಸಿದವು. ಮಕ್ಕಳು ಮಾತ್ರ ಕರಡಿಯನ್ನು ಕೆಳಗಿಡಲಿಲ್ಲ. ಜನಾಂಗಕ್ಕೆ ಕೇಡೂ ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರೂಸ್ವೆಲ್ಟರು ಗುಂಡು ಹಾರಿಸಲಿಲ್ಲವೆಂಬುದು ನಿಜ. ಆದರೆ ಗಾಯಗೊಂಡು ನರಳುತ್ತಿದ್ದ ಆ ಕರಡಿಯನ್ನು ಕೊನೆಗಾಣಿಸುವಂತೆ ಅವರೇ ಹೇಳಿದರು. ಅದನ್ನು ಕತ್ತಿಯಿಂದ ಕೊಂದರು. ವ್ಯಂಗ್ಯಚಿತ್ರ ಅದನ್ನು ತೋರಿಸಲಿಲ್ಲ. ಹಿರಿಯರ ಲೋಕದಲ್ಲಿ ಸತ್ತ ಕರಡಿಯು ಮಕ್ಕಳ ಲೋಕದಲ್ಲಿ ಬದುಕಿ, ಅವರ ಪಕ್ಕದಲ್ಲಿ ಮಲಗಿ, ಅವರ ಕತ್ತಲೆಯ ಭಯವನ್ನು ಕಳೆಯಿತು. ನಾವು ಕೊಟ್ಟದ್ದನ್ನು ಮಗು ಕೊಟ್ಟಂತೆಯೇ ಸ್ವೀಕರಿಸುವುದಿಲ್ಲ. ಅದಕ್ಕೆ ತನ್ನ ಜೀವವನ್ನು ಸೇರಿಸಿಕೊಳ್ಳುತ್ತದೆ.

ತೂತುಪಟ್ಟಿಗಳ ಪೆಟ್ಟಿಗೆ

ಕರಡಿಯದು ಅಪ್ಪಿಕೊಳ್ಳುವ ಆಟಿಕೆಯ ಕಥೆಯಾದರೆ, ಕಟ್ಟುವ ಆಟಿಕೆಯ ಕಥೆ ಇಂಗ್ಲೆಂಡಿನ ಲಿವರ್‌ಪೂಲ್ ನಗರದ್ದು. ಫ್ರಾಂಕ್ ಹಾರ್ನ್‌ಬಿ ಎಂಬುವರು ಅಲ್ಲಿಯ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ತಮ್ಮ ಇಬ್ಬರು ಗಂಡುಮಕ್ಕಳಿಗಾಗಿ ತಾಮ್ರದ ತಗಡನ್ನು ಕತ್ತರಿಸಿ ಸೇತುವೆ, ಭಾರ ಎತ್ತುವ ಯಂತ್ರ ಮುಂತಾದ ಮಾದರಿಗಳನ್ನು ಬಿಡುವಿನ ವೇಳೆಯಲ್ಲಿ ಮಾಡಿಕೊಡುತ್ತಿದ್ದರು. ಪ್ರತಿಯೊಂದು ಮಾದರಿಗೂ ಹೊಸದಾಗಿ ಭಾಗಗಳನ್ನು ಕೊರೆಯುವುದು ಬಹಳ ಶ್ರಮದ ಕೆಲಸ. ಎಲ್ಲ ಪಟ್ಟಿಗಳಿಗೂ ಒಂದೇ ಅಗಲ, ಅರ್ಧ ಅಂಗುಲಕ್ಕೆ ಒಂದರಂತೆ ತೂತು, ಬಿಗಿಯಲು ತಿರುಪು ಮತ್ತು ನಟ್ಟು ಇದ್ದರೆ ಅವೇ ತುಂಡುಗಳಿಂದ ಇಂದು ಸೇತುವೆಯನ್ನೂ ನಾಳೆ ಬಂಡಿಯನ್ನೂ ಕಟ್ಟಬಹುದಲ್ಲವೆ ಎಂಬ ಯೋಚನೆ ಅವರಿಗೆ ಹೊಳೆಯಿತು. ತಮ್ಮ ಧಣಿಯಿಂದ ಐದು ಪೌಂಡು ಕೈಗಡ ಪಡೆದು ೧೯೦೧ರಲ್ಲಿ ಅದರ ಹಕ್ಕನ್ನು ನೋಂದಾಯಿಸಿದರು. ೧೯೦೭ರಲ್ಲಿ ಅದಕ್ಕೆ 'ಮೆಕ್ಯಾನೋ' ಎಂಬ ಹೆಸರು ಬಂದಿತು. ೧೯೧೬ರಿಂದ ಅದೇ ಹೆಸರಿನ ಬಾಲಪತ್ರಿಕೆಯೂ ಹೊರಟಿತು.

ಅಟ್ಲಾಂಟಿಕ್ ಸಾಗರದ ಆಚೆ ಇದನ್ನೇ ಹೋಲುವ ಇನ್ನೊಂದು ಆಟಿಕೆ ಹುಟ್ಟಿತು. ೧೯೦೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಕೋಲುನೆಗೆತದ ಚಿನ್ನದ ಪದಕವನ್ನು ಹಂಚಿಕೊಂಡಿದ್ದ ಆಲ್ಫ್ರೆಡ್ ಗಿಲ್ಬರ್ಟ್ ಎಂಬುವರು ವೈದ್ಯಪದವಿ ಪಡೆದರೂ ವೈದ್ಯರಾಗದೆ ಆಟಿಕೆಯ ಉದ್ಯಮಕ್ಕೆ ಬಂದವರು. ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗುವಾಗ ಹಳಿಯ ಪಕ್ಕದಲ್ಲಿ ಏಳುತ್ತಿದ್ದ ಉಕ್ಕಿನ ಕಂಬಗಳನ್ನು ನೋಡಿ, ೧೯೧೩ರಲ್ಲಿ 'ಇರೆಕ್ಟರ್' ಎಂಬ ಉಕ್ಕಿನ ತುಂಡುಗಳ ಪೆಟ್ಟಿಗೆಯನ್ನು ಅವರು ಮಾರುಕಟ್ಟೆಗೆ ತಂದರು. ಸೇತುವೆಗಳೂ ಗಗನಚುಂಬಿ ಕಟ್ಟಡಗಳೂ ಏಳುತ್ತಿದ್ದ ಕಾಲ ಅದು. ಹಿರಿಯರು ಬೀದಿಯಲ್ಲಿ ಕಟ್ಟುತ್ತಿದ್ದುದನ್ನು ಮಕ್ಕಳು ನೆಲದ ಮೇಲೆ ಕುಳಿತು ಕಟ್ಟಿದರು. ಈ ಪೆಟ್ಟಿಗೆಗಳ ಹೆಚ್ಚುಗಾರಿಕೆಯಿರುವುದು ಅವುಗಳ ಅಪೂರ್ಣತೆಯಲ್ಲಿ. ಒಳಗೆ ಇದ್ದುದು ಆಟಿಕೆಯಲ್ಲ, ಆಟಿಕೆಯಾಗಬಲ್ಲ ತುಂಡುಗಳು. ಉಳಿದದ್ದನ್ನು ಮಗುವಿನ ಕೈ ಮತ್ತು ಬುದ್ಧಿ ಪೂರೈಸಬೇಕಾಗಿತ್ತು. ಆದರೆ ಇವುಗಳ ಬೆಲೆ ಬಡವರ ಕೈಗೆ ನಿಲುಕುವಂಥದಲ್ಲ ಎಂಬುದನ್ನೂ, ಜಾಹೀರಾತುಗಳಲ್ಲಿ ಕಾಣುತ್ತಿದ್ದವರು ಬಹುಮಟ್ಟಿಗೆ ಗಂಡುಹುಡುಗರೇ ಎಂಬುದನ್ನೂ ಮರೆಯಬಾರದು.

ಆಟಿಕೆಯನ್ನು ಮಾಡಿದ ಕೈಗಳು

ಬೆಲೆಯ ಮಾತು ಬಂದಾಗ ಕೊಳ್ಳುವವರ ಜೊತೆಗೆ ಮಾಡುವವರನ್ನೂ ನೆನೆಯಬೇಕು. ೧೯೧೪ಕ್ಕೆ ಮುಂಚೆ ಜಗತ್ತಿನ ಆಟಿಕೆಯ ವ್ಯಾಪಾರದಲ್ಲಿ ಜರ್ಮನಿಯೇ ಅಗ್ರಗಣ್ಯ. ನ್ಯೂರೆಂಬರ್ಗಿನ ತಗಡಿನ ಆಟಿಕೆಗಳೂ, ತುರಿಂಗಿಯ ಪ್ರಾಂತದ ಸೊನೆಬೆರ್ಗ್ ಸುತ್ತಿನ ಗೊಂಬೆಗಳೂ ಹಡಗುಗಳಲ್ಲಿ ತುಂಬಿ ಹೋಗುತ್ತಿದ್ದವು. ಸೊನೆಬೆರ್ಗಿನ ಗೊಂಬೆಗಳಲ್ಲಿ ಬಹುಪಾಲು ಹುಟ್ಟುತ್ತಿದ್ದುದು ದೊಡ್ಡ ಕಾರ್ಖಾನೆಗಳಲ್ಲಿ ಅಲ್ಲ, ಬಡ ಕುಟುಂಬಗಳ ಅಡುಗೆಮನೆಗಳಲ್ಲಿ. ಒಂದು ಮನೆಯವರು ಕಾಗದದ ಹಿಟ್ಟಿನಿಂದ ತಲೆಗಳನ್ನು ಅಚ್ಚೊತ್ತಿದರೆ ಇನ್ನೊಂದು ಮನೆಯವರು ಕಣ್ಣು ಬರೆಯುವರು. ಮತ್ತೊಂದು ಮನೆಯವರು ಅಂಗಿ ಹೊಲಿಯುವರು. ವರ್ತಕರು ಕೊಡುತ್ತಿದ್ದ ಕೂಲಿ ತೀರ ಕಡಿಮೆಯಾದುದರಿಂದ ತಂದೆತಾಯಿಗಳ ಜೊತೆಗೆ ಮಕ್ಕಳೂ ದುಡಿಯದೆ ಗಂಜಿ ಹುಟ್ಟುತ್ತಿರಲಿಲ್ಲ. ೧೯೦೩ರಲ್ಲಿ ಜರ್ಮನಿಯು ಮಕ್ಕಳ ದುಡಿಮೆಗೆ ಮಿತಿ ಹಾಕುವ ಕಾನೂನನ್ನು ಮಾಡಿತು. ಆದರೆ ಮನೆಯ ನಾಲ್ಕು ಗೋಡೆಗಳ ಒಳಗೆ ನಡೆಯುವ ಕೆಲಸವನ್ನು ಯಾವ ಅಧಿಕಾರಿ ಹೋಗಿ ನೋಡಬೇಕು?

ಇದು ಜರ್ಮನಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯ ಪರವಾಗಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕರು ಊರೂರು ತಿರುಗಿ ದುಡಿಯುವ ಮಕ್ಕಳ ಚಿತ್ರಗಳನ್ನು ತೆಗೆಯುತ್ತಿದ್ದರು. ೧೯೧೨ರಲ್ಲಿ ನ್ಯೂಯಾರ್ಕ್ ನಗರದ ಬಡಾವಣೆಯೊಂದರ ಅಟ್ಟದ ಕೋಣೆಯಲ್ಲಿ ಅವರು ಒಂದು ಚಿತ್ರ ತೆಗೆದರು. ಸಾರಿನ ಡಬ್ಬಿಗಳ ಜಾಹೀರಾತಿನಿಂದ ಹೆಸರಾಗಿದ್ದ 'ಕ್ಯಾಂಪ್‌ಬೆಲ್ ಕಿಡ್ಸ್' ಗೊಂಬೆಗಳಿಗೆ ಅಲ್ಲಿ ಒಂದು ಕುಟುಂಬ ಅಂಗಿ ಹೊಲಿಯುತ್ತಿತ್ತು. ತಾಯಿ ಎದ್ದಾಗ ಸುಮಾರು ಹನ್ನೆರಡು ವರ್ಷದ ಹುಡುಗ ಹೊಲಿಗೆಯ ಯಂತ್ರ ನಡೆಸುತ್ತಾನೆ. ಆಕೆ ಕುಳಿತಾಗ ಐದು ಮತ್ತು ಏಳು ವರ್ಷದ ಕಿರಿಯರೊಡನೆ ಸೇರಿ ನೂಲು ಹರಿಯುತ್ತಾನೆ. ಹೈನರು ಇದಕ್ಕೆ ಜೋಡಿಯಾಗಿ ಇನ್ನೊಂದು ಚಿತ್ರವನ್ನೂ ತೆಗೆದರು. ಅದರಲ್ಲಿ ಉಳ್ಳವರ ಮನೆಯ ಮಕ್ಕಳು ಅದೇ ಗೊಂಬೆಗಳೊಡನೆ ಆಡುತ್ತಿದ್ದಾರೆ. ಎರಡು ಚಿತ್ರಗಳಲ್ಲಿಯೂ ಗೊಂಬೆ ಒಂದೇ, ಮಕ್ಕಳ ವಯಸ್ಸೂ ಹೆಚ್ಚುಕಡಮೆ ಒಂದೇ. ಮಕ್ಕಳ ದುಡಿಮೆಯ ವಿಷಯದಲ್ಲಿ ಅಮೆರಿಕದ ಜನರ ಮನಸ್ಸನ್ನು ಕಲಕಿದ ಸಾಧನಗಳಲ್ಲಿ ಹೈನರ ಚಿತ್ರಗಳು ಪ್ರಮುಖವಾದವು. ಶೂದ್ರಕನ ಚಿನ್ನದ ಬಂಡಿ, ಮಣ್ಣಿನ ಬಂಡಿಗಳು ಇಲ್ಲಿ ನೆನಪಿಗೆ ಬಾರದಿರವು. ರೋಹಸೇನನಿಗಾದರೂ ಆಡಲು ಮಣ್ಣಿನ ಬಂಡಿಯಿತ್ತು. ಈ ಮಕ್ಕಳಿಗೆ ಗೊಂಬೆಯು ಕೂಲಿಯ ಲೆಕ್ಕದ ಒಂದು ನಗವಷ್ಟೇ.

ಯುದ್ಧಕಾಲದ ಪರೀಕ್ಷೆ

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ಜರ್ಮನಿಯಿಂದ ಬ್ರಿಟನ್ನಿಗೆ ಆಟಿಕೆ ಬರುವುದು ನಿಂತಿತು. ನೆನ್ನೆಯವರೆಗೆ ಮಗುವಿನ ಮಗ್ಗುಲಲ್ಲಿ ಮಲಗಿದ್ದ ಗೊಂಬೆ ಇದ್ದಕ್ಕಿದ್ದಂತೆ ಶತ್ರುದೇಶದ ಸರಕಾಯಿತು. ಆ ತೆರವನ್ನು ತುಂಬಲು ಬ್ರಿಟನ್ನಿನಲ್ಲಿ ಹಲವು ಪ್ರಯತ್ನಗಳು ನಡೆದವು. ಅವುಗಳಲ್ಲಿ ಒಂದು ಮನಸ್ಸನ್ನು ತಟ್ಟುವಂಥದು. ಲಾರ್ಡ್ ರಾಬರ್ಟ್ಸ್ ಸ್ಮಾರಕ ಕಾರ್ಯಾಗಾರಗಳೆಂಬ ಸಂಸ್ಥೆಯಲ್ಲಿ, ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡು ಮರಳಿದ ಸೈನಿಕರಿಗೆ ಮರದ ಆಟಿಕೆಗಳನ್ನು ಮಾಡುವ ಕೆಲಸ ಕಲಿಸಿದರು. ಬಂದೂಕು ಹಿಡಿದಿದ್ದ ಕೈಗಳು ಉಳಿ ಹಿಡಿದು ಮಕ್ಕಳ ಆಟಿಕೆ ಕೆತ್ತಿದವು. ದುಡಿಮೆ ಮನುಷ್ಯನಿಗೆ ಕೂಲಿಯ ಜೊತೆಗೆ ಮಾನವನ್ನೂ ತಂದುಕೊಡುತ್ತದೆ ಎಂಬುದು ಕಾಯಕತತ್ತ್ವದ ನೆಲೆಯಲ್ಲಿ ಬೆಳೆದ ನಮಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಇತ್ತ ಪೂರ್ವದಲ್ಲಿ ಜಪಾನು ಇದೇ ಅವಕಾಶವನ್ನು ಬಳಸಿಕೊಂಡು ಆಟಿಕೆಯ ರಫ್ತಿನಲ್ಲಿ ಮುಂದೆ ಬಂದಿತು.

ಅಮೆರಿಕವು ೧೯೧೭ರಲ್ಲಿ ಯುದ್ಧಕ್ಕೆ ಇಳಿಯಿತು. ೧೯೧೮ರಲ್ಲಿ ಅಲ್ಲಿಯ ರಾಷ್ಟ್ರೀಯ ರಕ್ಷಣಾ ಮಂಡಲಿಯ ಮುಂದೆ ಒಂದು ಆಲೋಚನೆ ಬಂದಿತು: ಲೋಹ, ಮರ, ಹಣ ಎಲ್ಲವೂ ಯುದ್ಧಕ್ಕೆ ಬೇಕಾಗಿರುವಾಗ ಆ ವರ್ಷದ ಕ್ರಿಸ್ಮಸ್ಸಿಗೆ ಆಟಿಕೆಗಳ ವ್ಯಾಪಾರವನ್ನು ಏಕೆ ತಡೆಯಬಾರದು? ಆಟಿಕೆ ತಯಾರಕರ ಸಂಘದ ಪರವಾಗಿ ಇದನ್ನು ವಿರೋಧಿಸಲು ವಾಷಿಂಗ್ಟನ್ನಿಗೆ ಹೋದವರು ಮೇಲೆ ಹೇಳಿದ ಗಿಲ್ಬರ್ಟರು. ಅವರು ಬರಿಗೈಯಲ್ಲಿ ಹೋಗಲಿಲ್ಲ. ಮೂಟೆಗಟ್ಟಲೆ ಆಟಿಕೆಗಳನ್ನು ಒಯ್ದರು. ತಮ್ಮ ವಾದವನ್ನು ಹೇಳಿ ಮುಗಿಸಿ ಆಟಿಕೆಗಳನ್ನು ಮಂತ್ರಿಗಳ ಮುಂದೆ ಹರಡಿದರು. ನೌಕಾಖಾತೆಯ ಜೋಸೆಫಸ್ ಡೇನಿಯಲ್ಸರ ಮನಸ್ಸನ್ನು ಒಂದು ಆಟದ ಜಲಾಂತರ್ಗಾಮಿ ಸೆಳೆಯಿತು. ದೇಶದ ಯುದ್ಧಭಾರ ಹೊತ್ತ ಹಿರಿಯರು ಕೆಲಹೊತ್ತು ನೆಲದ ಮೇಲೆ ಕುಳಿತ ಹುಡುಗರಾದರು. ನಿಷೇಧದ ಆಲೋಚನೆ ಬಿದ್ದುಹೋಯಿತು. ಬಾಸ್ಟನ್ನಿನ ಪತ್ರಿಕೆಯೊಂದು ಗಿಲ್ಬರ್ಟರನ್ನು ಮಕ್ಕಳ ಕ್ರಿಸ್ಮಸ್ಸನ್ನು ಉಳಿಸಿದವರೆಂದು ಹೊಗಳಿತು. ನವೆಂಬರ್ ೧೧ರಂದು ಯುದ್ಧವೂ ನಿಂತಿತು.

ಈ ಪ್ರಸಂಗವನ್ನು ಕೇಳಿ ಸಂತೋಷಪಡುವುದು ಸಹಜ. ಆದರೆ ವಿವೇಚನೆಯೂ ಬೇಕು. ಗಿಲ್ಬರ್ಟರು ಮಕ್ಕಳ ಹಿತೈಷಿಗಳಾಗಿದ್ದಂತೆ ವ್ಯಾಪಾರಿಗಳೂ ಆಗಿದ್ದರು. ಆಟದ ಬಂದೂಕು ಹಿಡಿದು ಬೆಳೆದ ಹುಡುಗರೇ ಗುರಿಕಾರರಾದ ಸೈನಿಕರಾಗಿದ್ದಾರೆಂಬುದೂ ಅವರ ವಾದದಲ್ಲಿ ಸೇರಿತ್ತು. ಆಟಿಕೆ ದೇಶಕ್ಕೆ ಉಪಯುಕ್ತವೆಂದು ತೋರಿಸಿಯೇ ಅದನ್ನು ಉಳಿಸಬೇಕಾಯಿತು. ಮಗುವಿಗೆ ಆಟ ಬೇಕು, ಏಕೆಂದರೆ ಅದು ಮಗು ಎಂಬ ಸರಳವಾದ ಮಾತು ಆ ಸಭೆಯಲ್ಲಿ ಸಾಲುತ್ತಿರಲಿಲ್ಲವೋ ಏನೋ.

ಮಗುವಿನ ಕೈಯೇ ಪ್ರಮಾಣ

ಆ ಸರಳವಾದ ಮಾತಿಗೆ ಶಾಸ್ತ್ರದ ಬಲ ಕೊಟ್ಟವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರು. ೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರು 'ಮಕ್ಕಳ ಮನೆ'ಯನ್ನು ತೆರೆದರು. ಅಲ್ಲಿ ಬೆಲೆಬಾಳುವ ಆಟಿಕೆಗಳನ್ನು ಇಟ್ಟರೂ ಮಕ್ಕಳು ಅವುಗಳ ಕಡೆಗೆ ಹೆಚ್ಚು ಒಲಿಯದೆ, ಒಂದರಲ್ಲೊಂದು ಕೂರಿಸುವ ಮರದ ಉರುಳೆಗಳನ್ನೂ ಒಂದರ ಮೇಲೊಂದು ಪೇರಿಸುವ ಘನಗಳನ್ನೂ ಮತ್ತೆ ಮತ್ತೆ ಹಿಡಿದು ಮೈಮರೆಯುತ್ತಿದ್ದುದನ್ನು ಅವರು ಕಂಡು ಬರೆದಿದ್ದಾರೆ. ತಾನೇ ಮಾಡಿ, ತಾನೇ ತಪ್ಪಿ, ತಾನೇ ತಿದ್ದಿಕೊಳ್ಳುವ ಅವಕಾಶವೇ ಮಗುವಿಗೆ ಪ್ರಿಯವಾದುದು ಎಂಬುದು ಅವರ ಸಿದ್ಧಾಂತ. ಉಸುಕುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ ಮಕ್ಕಳು ಬರವಣಿಗೆ ಕಲಿಯುವ ಪದ್ಧತಿಯನ್ನೂ ಅವರು ರೂಢಿಗೆ ತಂದರು. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಐಗಳ ಮಠಗಳನ್ನು ಬಲ್ಲ ಹಿರಿಯರಿಗೆ ಇದು ತೀರ ಅಪರಿಚಿತವೆನಿಸದು.

ಗುಜರಾತಿನ ಗಿಜುಭಾಯಿ ಬಧೇಕಾ ಅವರು ಮಾಂಟೆಸೊರಿಯವರ ವಿಚಾರಗಳಿಂದ ಪ್ರೇರಿತರಾಗಿ ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ೧೯೩೯ರಲ್ಲಿ ಮಾಂಟೆಸೊರಿಯವರೇ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿಗೆ ಬಂದರು. ಎರಡನೆಯ ಮಹಾಯುದ್ಧದ ಕಾರಣ ೧೯೪೬ರವರೆಗೆ ಈ ದೇಶದಲ್ಲಿಯೇ ನಿಂತು ನೂರಾರು ಉಪಾಧ್ಯಾಯರನ್ನು ತರಬೇತುಗೊಳಿಸಿದರು. ಹೀಗೆ ರೋಮಿನ ಬಡ ಕೇರಿಯ ಪಾಠ ನಮ್ಮ ಶಿಶುವಿಹಾರಗಳವರೆಗೂ ಹರಿದುಬಂದಿತು.

ನಮ್ಮ ಮಕ್ಕಳ ಕೈಗೆ

ಇಷ್ಟು ದೂರದ ಕಥೆಗಳನ್ನು ಹೇಳಿದ್ದು ನಮ್ಮ ಶಾಲೆಯ ಅಂಗಳಕ್ಕೆ ಮರಳುವುದಕ್ಕಾಗಿಯೇ. ಕಾಸು ಖರ್ಚಿಲ್ಲದೆ ಆಟಿಕೆ ಮಾಡುವ ವಿದ್ಯೆ ನಮ್ಮ ಹಳ್ಳಿಯ ಮಕ್ಕಳಿಗೆ ಕರಗತವಾಗಿತ್ತು. ಜೋಳದ ದಂಟಿನ ಸಿಬಿರು ಮತ್ತು ಬೆಂಡಿನಿಂದ ಬಂಡಿ ಕಟ್ಟುವುದು, ಮಣ್ಣೆತ್ತಿನ ಅಮಾವಾಸ್ಯೆಯ ದಿನ ಹಸಿಮಣ್ಣಿನಲ್ಲಿ ಎತ್ತು ಮಾಡುವುದು, ಬುಗುರಿಗೆ ಚಾಟಿ ಸುತ್ತುವುದು ಇವೆಲ್ಲವೂ ಹಾರ್ನ್‌ಬಿಯವರ ಪೆಟ್ಟಿಗೆ ಕಲಿಸಿದ್ದನ್ನೇ ಇನ್ನೊಂದು ರೀತಿಯಲ್ಲಿ ಕಲಿಸುತ್ತಿದ್ದವು. ಕುಶಲಿಗಳ ಕೈಯ ಆಟಿಕೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಚನ್ನಪಟ್ಟಣದ ಕುಶಲಿಗಳು ಹಾಲೆಮರದ ತುಂಡನ್ನು ಚರಕಿಗೆ ಹಿಡಿದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬಣ್ಣದ ಗೊಂಬೆಗಳನ್ನು ಕಡೆಯುತ್ತಾರೆ.

ಶಾಲೆಗಳಲ್ಲಿ ಹಣದ ಅಡಚಣೆ ಬಂದಾಗ ಮೊದಲು ಕತ್ತರಿ ಬೀಳುವುದು ಆಟದ ಸಾಮಾನಿನ ಬಾಬಿಗೆ. ಕೊಂಡ ಸಾಮಾನೂ ಎಷ್ಟೋ ಕಡೆ ತನಿಖೆಯ ದಿನ ಮಾತ್ರ ಬೀರುವಿನಿಂದ ಹೊರಬರುತ್ತದೆ. ಹಾಳಾದೀತೆಂಬ ಭಯದಿಂದ ಮತ್ತೆ ಒಳಗೆ ಸೇರುತ್ತದೆ. ಮಹಾಯುದ್ಧದ ನಡುವೆಯೂ ಒಂದು ದೇಶ ತನ್ನ ಮಕ್ಕಳ ಆಟಿಕೆಯನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ಕಂಡ ಮೇಲೆ, ಶಾಂತಿಯ ಕಾಲದಲ್ಲಿರುವ ನಾವು ಬೀರುವಿಗೆ ಬೀಗ ಹಾಕುವುದು ಸರಿಯೆ? ಉಪಾಧ್ಯಾಯ ಮಿತ್ರರು ಇದನ್ನು ಯೋಚಿಸಬೇಕು. ಮಗುವಿನ ಕೈಯಲ್ಲಿ ಸವೆದ ಆಟಿಕೆಯನ್ನು ನಷ್ಟದ ಪಟ್ಟಿಗೆ ಸೇರಿಸದೆ, ಓದಿ ಓದಿ ಅಂಚು ಮಾಸಿದ ಪುಸ್ತಕದಂತೆ ಗೌರವಿಸಬೇಕು.

ದಾನಿಗಳಲ್ಲಿಯೂ ಒಂದು ಅರಿಕೆ. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹಕ್ಕೆ ಕೈಯೆತ್ತಿ ಕೊಡುವ ಮಹನೀಯರ ಹೆಸರುಗಳು ಕೋಣೆಗಳ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಲ್ಪಡುವುದು ಯೋಗ್ಯವೇ. ಆ ಕೋಣೆಯೊಳಗೆ ಎಳೆಯ ಮಕ್ಕಳು ಮುಟ್ಟಿ, ತಟ್ಟಿ, ಬಿಚ್ಚಿ, ಕಟ್ಟಿ ಆಡುವ ನಾಲ್ಕು ಸಾಮಾನುಗಳಿಗೂ ಆ ಔದಾರ್ಯದ ಒಂದು ಪಾಲು ಸಲ್ಲಲಿ. ಕೊಳ್ಳುವಾಗ ಅದನ್ನು ಮಾಡಿದ ಕೈಗಳು ಯಾರವು, ಆ ಕೈಗಳಿಗೆ ತಕ್ಕ ಕೂಲಿ ದೊರೆತಿದೆಯೆ, ಅವು ಮಕ್ಕಳ ಕೈಗಳಲ್ಲ ತಾನೆ ಎಂದು ವಿಚಾರಿಸಿ ಕೊಳ್ಳೋಣ. ಸತ್ಯಶುದ್ಧವಲ್ಲದ ದುಡಿಮೆಯಿಂದ ಬಂದುದು ದಾಸೋಹಕ್ಕೆ ಸಲ್ಲದೆಂದು ನಂಬಿದ ಪರಂಪರೆ ನಮ್ಮದು. ಹಳೆಯ ವಿದ್ಯಾರ್ಥಿಗಳಾದರೆ ವರ್ಷಕ್ಕೆ ಒಂದು ದಿನ ಶಾಲೆಗೆ ಬಂದು, ತಾವು ಬಾಲ್ಯದಲ್ಲಿ ಕಟ್ಟಿದ ದಂಟಿನ ಬಂಡಿಯನ್ನು ಈಗಿನ ಮಕ್ಕಳ ಪಕ್ಕದಲ್ಲಿ ಕುಳಿತು ಕಟ್ಟಿ ತೋರಿಸಿದರೆ ಅದೂ ಒಂದು ದಾಸೋಹವೇ.

ನಮ್ಮ ಶಾಲೆಯಲ್ಲಿಯೂ ರೋಹಸೇನರಿದ್ದಾರೆ. ಚಿನ್ನದ ಬಂಡಿ ಕಂಡು ಕಣ್ಣೀರು ತಂದುಕೊಳ್ಳುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಅವರ ಬಂಡಿಯಲ್ಲಿ ಒಡವೆ ತುಂಬುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು. ಜೊತೆಗೆ ಕುಳಿತು ಮಣ್ಣಿನ ಬಂಡಿಯನ್ನು ಮಾಡಿಕೊಡುವ ರದನಿಕೆಯ ಕೆಲಸ ನಮ್ಮೆಲ್ಲರ ಕೈಯಲ್ಲಿಯೂ ಇದೆ. ಆ ಕೆಲಸಕ್ಕೆ ಈ ಸಂಚಿಕೆಯ ವಾಚಕರು ಮನಸ್ಸು ಮಾಡಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸಿ ಲೇಖನವನ್ನು ಮುಗಿಸುತ್ತೇನೆ.